ಏಳು ಅಂಕಿಯ ಕರೆ

ಆರ್ಲಿಸ್ ಟ್ವೆಟೆನ್‌ಗೆ ಫೋನ್ ಮಾಡುವವರು ಯಾರೂ ಇರಲಿಲ್ಲ, ಮಾತು ಹೋದ ತಮ್ಮನೊಬ್ಬನನ್ನು ಬಿಟ್ಟರೆ.

ನೂರ್ಬೆಕ್ ಊರಿನ ಅಗ್ನಿಶಾಮಕ ಠಾಣೆಯ ಸೈರನ್ನು ಮಧ್ಯಾಹ್ನ ಹನ್ನೆರಡಕ್ಕೆ ಕೂಗುತ್ತಿತ್ತು. ಬೆಂಕಿ ಬಿದ್ದರೂ ಅದೇ ಕೂಗು, ಊಟದ ಹೊತ್ತಿಗೂ ಅದೇ ಕೂಗು. ಅದು ನಿಂತಿತೆಂದರೆ ಊರಾಚೆ ಗುಡ್ಡದ ಬುಡದ ಮನೆಯಲ್ಲಿ ಅವಳ ತಮ್ಮ ವರ್ಡೆಲ್ ಕುರ್ಚಿಯಿಂದ ಎದ್ದು, ಅಡುಗೆಮನೆಯ ಗೋಡೆಯಲ್ಲಿದ್ದ ಫೋನಿನ ಹತ್ತಿರ ಹೋಗಿ, ಎಡಗೈಯಿಂದ ಏಳು ಅಂಕಿ ಒತ್ತುತ್ತಿದ್ದ. ಚೀಸ್ ಕಾರ್ಖಾನೆಯ ಆಫೀಸಿನಲ್ಲಿ ಗಂಟೆ ಹೊಡೆದುಕೊಳ್ಳುತ್ತಿತ್ತು. ಆಫೀಸು ನೋಡಿಕೊಳ್ಳುವ ಲವಾನ್ ಬ್ರುಸ್ವೆನ್ ರಿಸೀವರ್ ಎತ್ತಿ, ಆ ಕಡೆ ಬರೀ ಉಸಿರು ಕೇಳಿಸಿದರೆ, ಗಾಜಿನ ಕಿಟಕಿ ತಟ್ಟಿ ಪ್ಯಾಕಿಂಗ್ ಕೋಣೆಯತ್ತ ತಮಾಷೆಗೆ ಕೂಗುತ್ತಿದ್ದಳು.

"ಆರ್ಲಿಸ್, ಗವರ್ನರ್ ಸಾಹೇಬ್ರು ಲೈನಲ್ಲಿದಾರೆ ಕಣೆ."

ಆರ್ಲಿಸ್ ಕೈಗವಸು ಕಳಚಿ, ತಲೆಯ ಬಲೆ ತೆಗೆದು ಬಂದು ರಿಸೀವರ್ ಹಿಡಿಯುತ್ತಿದ್ದಳು. ಫ್ರಿಜ್ಜಿನ ಎರಡನೇ ಖಾನೆಯಲ್ಲಿ ಹ್ಯಾಮ್ ಇದೆ, ನೀಲಿ ಬಟ್ಟಲಲ್ಲಿ ಆಲೂಗಡ್ಡೆ ಇದೆ, ಬಿಸಿ ಮಾಡಬೇಡ ಹಾಗೇ ತಿನ್ನು, ಎಂದು ಶುರು. ಆಮೇಲೆ ಬೇರೆ ಮಾತು. ಇವತ್ತು ಹಾಲು ತಡವಾಗಿ ಬಂತು. ಯಂತ್ರದ ಬೆಲ್ಟು ಮತ್ತೆ ಜಾರಿತು. ಪಾದ್ರಿಯ ಹೆಂಡತಿ ಕೂದಲಿಗೆ ಬಣ್ಣ ಹಾಕಿಸಿಕೊಂಡಿದಾಳೆ, ಯಾರೂ ಏನೂ ಅಂದಿಲ್ಲ, ಅದೇ ಅವಳಿಗೆ ಬೇಜಾರು. ಮೊಣಕಾಲು ನೋಯುತ್ತೆ, ಹವಾಮಾನ ಕೆಡಬಹುದು. ವರ್ಡೆಲ್‌ಗೆ ಉಳಿದಿದ್ದದ್ದು ಒಂದೇ ಮಾತು, "ಆಯ್ತು." ಅವಳು ಮುಗಿಸಿದಾಗ ಅದನ್ನು ಹೇಳಿ ಫೋನ್ ಇಡುತ್ತಿದ್ದ. ಅವಳು ಇನ್ನೂ ಮುಗಿಸದಿದ್ದಾಗಲೂ ಕೆಲವು ಸಲ ಹೇಳಿ ಇಡುತ್ತಿದ್ದ.

ಸಂಜೆ ಮನೆಯಲ್ಲಿ ಇಬ್ಬರ ನಡುವೆ ಮಾತೇ ಇರುತ್ತಿರಲಿಲ್ಲ. ಅವನು ಟಿವಿ ನೋಡುತ್ತಿದ್ದ, ಅವಳು ಪಾತ್ರೆ ತೊಳೆಯುತ್ತಿದ್ದಳು. ಎದುರಿಗೆ ಕೂತರೆ ಅವನ ಬಾಯಿಯ ಬಲಗಡೆ ಜೋತುಬಿದ್ದದ್ದು ಕಾಣುತ್ತಿತ್ತು, ಅವಳ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಫೋನಿನಲ್ಲಿ ಅದು ಕಾಣುತ್ತಿರಲಿಲ್ಲ.

ವರ್ಡೆಲ್ ಮೊದಲು ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವನು. ಒಂದೊಂದು ಕೊಟ್ಟಿಗೆಯಲ್ಲೂ ಹಾಲು ತುಂಬಿಸಿಕೊಂಡು, ಅಲ್ಲಿನ ಫೋನಿನಿಂದಲೇ ಕಾರ್ಖಾನೆಗೆ ಎಷ್ಟು ಹಾಲೆಂದು ತಿಳಿಸುತ್ತಿದ್ದ. ವರ್ಷಗಟ್ಟಲೆ ಅದೇ ಏಳು ಅಂಕಿ. ನಲವತ್ತು ದಾಟುತ್ತಿದ್ದಂತೆ ತಲೆಯಲ್ಲಿ ನರ ಒಡೆಯಿತು. ಮಾತು ಹೋಯಿತು, ಓದು ಹೋಯಿತು, ಬಲಗೈ ಅರ್ಧ ಹೋಯಿತು. ಹೊಸದಾಗಿ ಏನನ್ನೂ ಕಲಿಯಲಾರ ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯಿಂದ ಬಂದ ವಾರವೇ, ಸೈರನ್ನು ಕೂಗಿದಾಗ, ಯಾರೂ ಹೇಳದೆ ಎದ್ದು ಹೋಗಿ ಆ ನಂಬರು ಒತ್ತಿದ. ಬೆರಳಿಗೆ ನೆನಪಿತ್ತು.

ಅದರಿಂದಲೇ ಅವನು ಮನೆಯಲ್ಲಿ ಉಳಿದದ್ದು. ಕೌಂಟಿ ಆಡಳಿತದ ನರ್ಸು ಖಡಾಖಂಡಿತವಾಗಿ ಹೇಳಿದ್ದಳು, "ನೀನು ಕೆಲಸಕ್ಕೆ ಹೋದಾಗ ಮಧ್ಯದಲ್ಲಿ ಒಂದ್ಸಲನಾದ್ರೂ ಅವನ ಸುದ್ದಿ ಸಿಗಬೇಕು. ಸಿಕ್ಕಿದ್ರೆ ಮನೇಲಿಟ್ಕೋ. ಇಲ್ಲಾಂದ್ರೆ ಆರೈಕೆ ಕೇಂದ್ರಕ್ಕೆ ಹಾಕ್ಬೇಕಾಗುತ್ತೆ." ಆ ಕೇಂದ್ರ ಇದ್ದದ್ದು ನದಿಯಾಚೆ, ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಆರ್ಲಿಸ್ ತಾನೇ ಮನೆಗೆ ಫೋನ್ ಮಾಡಿ ವಿಚಾರಿಸುವ ಹಾಗಿರಲಿಲ್ಲ. ಫೋನು ಹೊಡೆದುಕೊಂಡರೆ ವರ್ಡೆಲ್ ಹೆದರಿ ಕಿವಿ ಮುಚ್ಚಿಕೊಂಡು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ.

ಆ ವರ್ಷ ಬೇಸಿಗೆಯ ಕೊನೆಗೆ ಪತ್ರಿಕೆಯಲ್ಲಿ ಸುದ್ದಿ ಬಂತು. ಮೊಬೈಲುಗಳು ಹೆಚ್ಚಾಗಿ ಆ ಪ್ರದೇಶದ ಏರಿಯಾ ಕೋಡಿನಲ್ಲಿ, ಅಂದರೆ ನಂಬರಿನ ಮುಂದೆ ಸೇರುವ ಮೂರು ಅಂಕಿಯಲ್ಲಿ, ನಂಬರುಗಳು ಮುಗಿಯುತ್ತಾ ಬಂದಿವೆ, ಹೊಸ ಕೋಡು ಬೇಕು, ಅದನ್ನು ಹೇಗೆ ತರಬೇಕೆಂದು ರಾಜ್ಯದ ಆಯೋಗ ಊರೂರಿಗೆ ಬಂದು ಜನರ ಅಭಿಪ್ರಾಯ ಕೇಳುತ್ತದೆ. ದಾರಿ ಎರಡಿದ್ದವು. ಮೊದಲನೆಯದು, ನಕ್ಷೆಯ ಮೇಲೆ ಗೆರೆ ಎಳೆದು ಪ್ರದೇಶವನ್ನು ಹೋಳು ಮಾಡುವುದು. ಆಗ ನೂರ್ಬೆಕ್ ಇರುವ ಹೋಳಿಗೆ ಹೊಸ ಕೋಡು ಬರುತ್ತದೆ, ಆದರೆ ಊರೊಳಗಿನ ಕರೆಗೆ ಈಗಿನಂತೆ ಏಳು ಅಂಕಿ ಸಾಕು. ಇನ್ನೊಂದು, ಗೆರೆ ಎಳೆಯದೆ ಹಳೆಯ ಕೋಡಿನ ಮೇಲೆ ಹೊಸದನ್ನೂ ಹೊದಿಸುವುದು. ಆಗ ಇದ್ದವರ ನಂಬರು ಇದ್ದಂತೆಯೇ ಇರುತ್ತದೆ, ಆದರೆ ಪಕ್ಕದ ಮನೆಗೆ ಮಾಡಿದರೂ ಕೋಡು ಸೇರಿಸಿ ಹತ್ತು ಅಂಕಿ ಒತ್ತಬೇಕು.

ಆರ್ಲಿಸ್ ಪತ್ರಿಕೆಯನ್ನು ಊಟದ ಡಬ್ಬಿಯ ಪಕ್ಕಕ್ಕಿಟ್ಟುಕೊಂಡು ಎರಡು ಸಲ ಓದಿದಳು.

"ಹತ್ತು ಒತ್ತೋದು ಅವನ ಕೈಲಿ ಆಗಲ್ಲ," ಅಂದಳು.

"ಒಂದೇ ಗುಂಡಿ ಒತ್ತಿದ್ರೆ ಹೋಗೋ ಫೋನ್ ಬರುತ್ತಲ್ಲೆ," ಅಂದಳು ಲವಾನ್.

"ತಂದಿದ್ದೆ. ಗುಂಡಿ ಮೇಲೆ ನನ್ನ ಫೋಟೋ ಬೇರೆ ಅಂಟಿಸಿದ್ದೆ. ಸಂಜೆ ಹೋಗಿ ನೋಡ್ತೀನಿ, ಗೋಡೆಯಿಂದ ಕಿತ್ತು ಫ್ರೀಜರಲ್ಲಿ ಬಟಾಣಿ ಜತೆ ಇಟ್ಟಿದಾನೆ."

"ನಿನ್ನ ಫೋಟೋ ನೋಡಿ ತಣ್ಣಗಿಡ್ಬೇಕು ಅನ್ನಿಸಿರ್ಬೇಕು." ಲವಾನ್ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಅಲ್ಲಿಗೆ ಹೋಗಿ ಇದನ್ನೇ ಹೇಳು. ಅದಕ್ಕೇ ತಾನೇ ಅವರು ಬರ್ತಿರೋದು."

"ಊರವರೆಲ್ಲ ಇರ್ತಾರೆ."

"ಇರ್ಲಿ. ಅವರೇನು ನಿನ್ನ ತಿಂದುಬಿಡ್ತಾರಾ?"

ತಿನ್ನುವುದಿಲ್ಲವೆಂದು ಆರ್ಲಿಸ್‌ಗೂ ಗೊತ್ತಿತ್ತು. ಆದರೆ ಆ ಊರಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ನಾಲ್ಕು ಜನರೆದುರು ಅಡ್ಡ ಹೇಳುವುದೆಂದರೆ, ಚರ್ಚಿನಲ್ಲಿ ಬೇರೆಯವರು ಕೂರುವ ಬೆಂಚಿನಲ್ಲಿ ಹೋಗಿ ಕೂತಂತೆ. ಯಾರೂ ಏಳು ಎನ್ನುವುದಿಲ್ಲ. ಮುಂದಿನ ಹತ್ತು ವರ್ಷ ಮರೆಯುವುದೂ ಇಲ್ಲ.

ಹೇಳಬೇಕಾದದ್ದನ್ನು ಅವಳು ಪ್ಯಾಕಿಂಗ್ ಯಂತ್ರದ ಮುಂದೆ ನಿಂತು ವಾರವಿಡೀ ಉರು ಹೊಡೆದಳು. ನನ್ನ ತಮ್ಮನಿಗೆ ಏಳೇ ಗೊತ್ತು. ಆ ಕರೆ ನಿಂತರೆ ಅವನನ್ನು ಮನೆಯಲ್ಲಿಟ್ಟುಕೊಳ್ಳಲು ಬಿಡುವುದಿಲ್ಲ. ದಯವಿಟ್ಟು ಗೆರೆ ಎಳೆಯಿರಿ. ಇಷ್ಟೇ. ಇದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.

ನವೆಂಬರಿನ ಒಂದು ಸಂಜೆ ಅಗ್ನಿಶಾಮಕ ಠಾಣೆಯಲ್ಲಿ ಸಭೆ. ಎರಡೂ ಲಾರಿಗಳನ್ನು ಹೊರಗೆ ನಿಲ್ಲಿಸಿ, ಜಾಗ ಮಾಡಿ, ಮಡಿಸುವ ಕುರ್ಚಿಗಳನ್ನು ಹಾಕಿದ್ದರು. ನೆಲದ ಡೀಸೆಲ್ ವಾಸನೆ ಹೋಗಿರಲಿಲ್ಲ. ಗೋಡೆಯ ಬದಿಯ ಮೇಜಿನ ಮೇಲೆ ಕಾಫಿಯ ಹಂಡೆ, ಖರ್ಜೂರದ ಕೇಕಿನ ತಟ್ಟೆ. ರಾಜಧಾನಿಯಿಂದ ಬಂದ ವಿಚಾರಣಾಧಿಕಾರಿಯ ಹೆಸರು ರೌಷ್. ತೆಳ್ಳಗಿನ ಮನುಷ್ಯ, ಶೀತ ಹಿಡಿದು ಮೂಗು ಕೆಂಪಾಗಿತ್ತು. ಪಕ್ಕದಲ್ಲಿ ಒಬ್ಬಳು ಹೆಂಗಸು ಎಲ್ಲವನ್ನೂ ಟೈಪು ಮಾಡಿಕೊಳ್ಳಲು ಸಣ್ಣ ಯಂತ್ರವಿಟ್ಟುಕೊಂಡು ಕೂತಿದ್ದಳು.

ಎಲ್ಲರಿಗಿಂತ ಮೊದಲು ಹೆಸರು ಬರೆಸಿದವಳು ಆರ್ಲಿಸ್. ಬೇರೆಯವರು ಬರುವ ಮುಂಚೆ ಹೇಳಿ ಮುಗಿಸಿಬಿಡಬಹುದು ಎಂದುಕೊಂಡಿದ್ದಳು. ಆದರೆ ಸಭೆ ಶುರುವಾದದ್ದು ಎಲ್ಲರೂ ಬಂದ ಮೇಲೆಯೇ.

"ಮಿಸ್ ಟ್ವೆಟೆನ್," ಎಂದು ರೌಷ್ ಕರೆದ.

ಅವಳು ಎದ್ದಳು. ಆಗಲೇ ಹಿಂದಿನಿಂದ ಕಾಳು ಮತ್ತು ಮೇವಿನ ವ್ಯಾಪಾರಿ ಓರಿನ್ ಸ್ಕಾರ್ ಗಡಿಬಿಡಿಯಲ್ಲಿ ಮುಂದೆ ಬರುತ್ತಿದ್ದ.

"ಆರ್ಲಿಸ್, ಏನೂ ಅಂದ್ಕೋಬೇಡಮ್ಮ. ಹಸು ಒಂದು ಈಯೋದ್ರಲ್ಲಿದೆ. ಹೆಂಡ್ತಿ ಒಬ್ಳೇ ಇದಾಳೆ."

"ಅಯ್ಯೋ, ನೀನು ಹೋಗು ಮೊದಲು. ನಂದೇನು ಅವಸರ ಇಲ್ಲ."

"ಖಂಡಿತ ಅಲ್ವಾ?"

"ಖಂಡಿತ."

ಓರಿನ್ ಮೈಕಿನ ಮುಂದೆ ನಿಂತು, ತನ್ನ ಮೂರು ಲಾರಿಗಳ ಮೇಲೂ ಕಣಜದ ಮೇಲೂ ಈಗಿನ ಕೋಡೇ ಬರೆಸಿದೆ ಅಂದ. "ಗೆರೆ ಎಳೆದು ನಮ್ಮನ್ನ ಆ ಕಡೆ ತಳ್ಳಿದ್ರೆ ಎಲ್ಲ ಮತ್ತೆ ಬಳಿಸ್ಬೇಕು ಸ್ವಾಮಿ. ನಮ್ಮಪ್ಪನ ಕಾಲದಿಂದ ಇರೋ ನಂಬರು. ಹೊಸಬರಿಗೆ ಹೊಸದು ಕೊಡಿ, ನಮ್ದು ನಮ್ಗಿರ್ಲಿ. ಮೂರು ಗುಂಡಿ ಜಾಸ್ತಿ ಒತ್ತಿದ್ರೆ ಬೆರಳೇನು ಸವೆದುಹೋಗಲ್ಲ."

ಜನ ನಕ್ಕರು. ಮುಗಿಸಿದವನು ಹಸುವಿನ ಕಡೆ ಹೋಗಲಿಲ್ಲ, ಕಾಫಿ ತುಂಬಿಸಿಕೊಂಡು ಕೂತ.

ಆಮೇಲೆ ರೌಷ್ ಮತ್ತೆ ಆರ್ಲಿಸ್‌ಳನ್ನು ಕರೆದ. ಅಷ್ಟರಲ್ಲಿ ಮುದುಕಿಯೊಬ್ಬಳು ಊರುಗೋಲು ಹಿಡಿದು ಎದ್ದು ನಿಂತಿದ್ದಳು. ಅವಳಿಗೆ ನಿಲ್ಲುವುದು ಕಷ್ಟ, ಮೊದಲು ಅವಳೇ ಮಾತಾಡಲಿ. ಆಮೇಲೆ ದೂರದ ಹಳ್ಳಿಯಿಂದ ಬಂದವರು, ಅವರು ಹಿಮ ಬೀಳುವ ಮುಂಚೆ ಹೊರಡಬೇಕು. ಒಂದೊಂದು ಸಲವೂ ಆರ್ಲಿಸ್ "ಪರವಾಗಿಲ್ಲ, ಅವರು ಹೇಳ್ಲಿ" ಅಂದಳು. ಒಂದೊಂದು ಸಲ ಅಂದಾಗಲೂ ಎದೆಯೊಳಗಿನ ಬಿಗಿತ ಒಂದಿಷ್ಟು ಸಡಿಲಾಗುತ್ತಿತ್ತು. ಅದನ್ನು ಅವಳು ತನ್ನ ಒಳ್ಳೆಯತನ ಎಂದುಕೊಂಡಳು.

ಮಾತಾಡಿದವರೆಲ್ಲ ಹೊದಿಸುವುದೇ ಸರಿ ಅಂದರು. ಔಷಧದಂಗಡಿಯವನು ಅಂದ, ಶವಸಂಸ್ಕಾರದ ಅಂಗಡಿಯವನು ಅಂದ. ತನ್ನ ಗಿರಾಕಿಗಳು ಒಂದು ಸಲ ಮಾತ್ರ ಫೋನ್ ಮಾಡುವವರು, ನಂಬರು ತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂದು ಅವನು ಹೇಳಿದಾಗ ರೌಷ್ ಕೂಡ ನಕ್ಕ. ತಟ್ಟೆಯಲ್ಲಿ ಕೊನೆಗೊಂದು ತುಂಡು ಕೇಕು ಉಳಿದಿತ್ತು. ಯಾರೋ ಅದರಲ್ಲಿ ಅರ್ಧ ಮುರಿದುಕೊಂಡರು, ಇನ್ಯಾರೋ ಉಳಿದದ್ದರಲ್ಲಿ ಅರ್ಧ. ಪೂರ್ತಿ ತೆಗೆದುಕೊಂಡವರು ಯಾರೂ ಇಲ್ಲ.

ಕೊನೆಗೆ ರೌಷ್ ಕಾಗದ ನೋಡಿ ತಲೆಯೆತ್ತಿದ. "ಮಿಸ್ ಟ್ವೆಟೆನ್, ಇನ್ನು ಉಳಿದವರು ನೀವೊಬ್ಬರೇ."

ಹೊರಗೆ ಹಿಮ ಶುರುವಾಗಿತ್ತು. ಜನ ಕೋಟು ಹಾಕಿಕೊಂಡಿದ್ದರು. ಅರ್ಧದಷ್ಟು ಕುರ್ಚಿಗಳನ್ನು ಆಗಲೇ ಮಡಿಸಿ ಗೋಡೆಗೆ ಒರಗಿಸಿದ್ದರು. ಆದರೂ ಯಾರೂ ಹೊರಡಲಿಲ್ಲ. ಒಬ್ಬಳು ಮಾತಾಡುವುದು ಬಾಕಿಯಿರುವಾಗ ಹೊರಡುವುದು ಸರಿಯಲ್ಲವೆಂದು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಆರ್ಲಿಸ್ ಮೈಕಿನ ಮುಂದೆ ಬಂದು ಆ ಮುಖಗಳನ್ನೆಲ್ಲ ನೋಡಿದಳು. ಎಲ್ಲರೂ ತಾಳ್ಮೆಯಿಂದ ಕಾಯುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

"ನಂದೇನೂ ಅಂಥಾ ದೊಡ್ಡ ವಿಷ್ಯ ಅಲ್ಲ," ಅಂದಳು.

"ಹೇಳಿ. ನಿಮಗೆ ಮೂರು ನಿಮಿಷ ಇದೆ," ಅಂದ ರೌಷ್, ಮೂಗು ಒರೆಸಿಕೊಳ್ಳುತ್ತ.

ಉರು ಹೊಡೆದದ್ದೆಲ್ಲ ನಾಲಿಗೆಯ ಮೇಲೇ ಇತ್ತು. ನನ್ನ ತಮ್ಮನಿಗೆ ಏಳೇ ಗೊತ್ತು. ಇದನ್ನು ಹೇಳಿದರೆ ಓರಿನ್ ಮತ್ತೆ ಎದ್ದು ತನ್ನ ಲಾರಿಗಳಿಗಾಗಿ ಕ್ಷಮೆ ಕೇಳಬೇಕು. ಊರುಗೋಲಿನ ಮುದುಕಿ ನೊಂದುಕೊಳ್ಳಬೇಕು. ಇಷ್ಟು ಜನ ಒಂದು ಮಾಡಿಟ್ಟ ಮಾತನ್ನು ತಾನೊಬ್ಬಳು ಕೆಡಿಸಬೇಕು.

"ಹೆಚ್ಚುಕಮ್ಮಿ ಎಲ್ಲ ಇವರೇ ಹೇಳ್ಬಿಟ್ಟಿದಾರೆ," ಅಂದಳು.

"ಹಾಗಾದ್ರೆ, ಮಾತಾಡಿದವರ ಅಭಿಪ್ರಾಯವೇ ನಿಮ್ಮದೂ ಅಂತ ದಾಖಲು ಮಾಡ್ಕೋಬಹುದಾ?"

ಟೈಪು ಮಾಡುವ ಹೆಂಗಸಿನ ಬೆರಳು ಕಾಯುತ್ತಿದ್ದವು.

"ನಿಮ್ಗೆ ಅದೇ ಸುಲಭ ಅಂದ್ರೆ, ಹಾಗೇ ಮಾಡಿ."

ಬೆರಳು ಆಡಿದವು. ಓರಿನ್ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ದಾರಿಯಲ್ಲಿ ಹುಷಾರು ಎಂದು ರೌಷ್‌ಗೆ ಹೇಳಿ, ಉಳಿದ ಕುರ್ಚಿಗಳನ್ನು ಮಡಿಸಲು ಆರ್ಲಿಸ್ ತಾನೇ ಮುಂದಾದಳು.

ಕಾಫಿಯ ಹಂಡೆ ತೊಳೆಯುತ್ತಿದ್ದ ಲವಾನ್ ಅವಳ ಮುಖವನ್ನೇ ನೋಡಿದಳು.

"ಅಲ್ವೇ, ನಿಂಗೇನು ಗರ ಬಡಿದಿತ್ತಾ?"

"ಎಲ್ರಿಗೂ ಸುಸ್ತಾಗಿತ್ತು ಕಣೆ. ಆ ಮನುಷ್ಯನಿಗೆ ಬೇರೆ ಶೀತ."

"ತಿಂಗಳ ಕೊನೇವರೆಗೂ ಬರೆದು ಕಳಿಸ್ಬಹುದು ಅಂತೆ. ಬರಿ."

"ಎಲ್ಲರೆದುರು ಒಂದು ಹೇಳಿ, ಹಿಂದಿನಿಂದ ಇನ್ನೊಂದು ಬರಿಯೋದಾ? ಚೆನ್ನಾಗಿರುತ್ತೆ."

ಬರೆಯಲಿಲ್ಲ. ಚಳಿಗಾಲ ಕಳೆದ ಮೇಲೆ ಆಯೋಗದ ತೀರ್ಮಾನ ಬಂತು, ಹೊಸ ಕೋಡನ್ನು ಹೊದಿಸುವುದು. ನೂರ್ಬೆಕ್‌ನ ಸಭೆಯಲ್ಲಿ ಒಬ್ಬರೂ ವಿರೋಧಿಸಲಿಲ್ಲ ಎಂದು ಅದರಲ್ಲಿತ್ತು. ಅವಳೊಬ್ಬಳು ಹೇಳಿದ್ದರೂ ತೀರ್ಮಾನ ಬದಲಾಗುತ್ತಿರಲಿಲ್ಲ ಎಂದು ಲವಾನ್ ಸಮಾಧಾನ ಮಾಡಿದಳು. ಬಹುಶಃ ನಿಜ. ಆದರೆ ಒಬ್ಬರೂ ವಿರೋಧಿಸಲಿಲ್ಲ ಎಂಬ ಮಾತು ಆಗ ಸುಳ್ಳಾಗುತ್ತಿತ್ತು.

ಬೇಸಿಗೆಯಲ್ಲಿ ಏಳು ಒತ್ತಿದರೂ ನಡೆಯುತ್ತಿತ್ತು, ಹತ್ತು ಒತ್ತಿದರೂ ನಡೆಯುತ್ತಿತ್ತು. ಜನಕ್ಕೆ ರೂಢಿಯಾಗಲೆಂದು ಹಾಗೆ ಬಿಟ್ಟಿದ್ದರು. ಆರ್ಲಿಸ್ ದಿನಾ ಸಂಜೆ ವರ್ಡೆಲ್‌ನ ಕೈ ಹಿಡಿದು ಫೋನಿನ ಮುಂದೆ ನಿಲ್ಲಿಸಿ, ಮೊದಲು ಈ ಮೂರು, ಆಮೇಲೆ ನಿನ್ನ ಏಳು, ಎಂದು ಬೆರಳನ್ನು ಗುಂಡಿಗೆ ಒತ್ತಿ ತೋರಿಸಿದಳು. ಅವನು ಸುಮ್ಮನೆ ಒತ್ತಿಸಿಕೊಂಡ. ಮಾರನೆಯ ಮಧ್ಯಾಹ್ನ ಏಳೇ ಒತ್ತಿದ. ಒಂದು ಸಂಜೆ ಅವಳು ಕೈಯನ್ನು ತುಸು ಬಿಗಿಯಾಗಿ ಹಿಡಿದಾಗ "ಆಯ್ತು" ಎಂದು ಕಿತ್ತುಕೊಂಡು ಹೋಗಿ ಟಿವಿ ಮುಂದೆ ಕೂತ. ಅವಳು ಮತ್ತೆ ಕಲಿಸಲು ಹೋಗಲಿಲ್ಲ.

ಏಳು ಅಂಕಿ ನಿಂತ ದಿನ ಅಕ್ಟೋಬರಿನ ಒಂದು ಸೋಮವಾರ. ಸೈರನ್ನು ಕೂಗಿ ನಿಂತಿತು. ಆಫೀಸಿನ ಫೋನು ಹೊಡೆದುಕೊಳ್ಳಲಿಲ್ಲ. ಆರ್ಲಿಸ್ ಕಿಟಕಿಯ ಪಕ್ಕದಲ್ಲೇ ನಿಂತಿದ್ದಳು. ಲವಾನ್ ತಲೆಯೆತ್ತದೆ, "ಹೋಗು, ಮೇಸ್ತ್ರಿಗೆ ನಾನು ಹೇಳ್ಕೋತೀನಿ," ಅಂದಳು.

ಕಾರು ಓಡಿಸುವಾಗ ಅವಳ ಕಣ್ಣಮುಂದೆ ಬಂದದ್ದು ಗಾಬರಿಯಾದ ವರ್ಡೆಲ್, ಮತ್ತೆ ಮತ್ತೆ ಒತ್ತುತ್ತಿರುವವನು, ಫೋನನ್ನು ಗೋಡೆಗೆ ಬಡಿಯುತ್ತಿರುವವನು, ರಸ್ತೆಗೆ ಬಂದು ನಿಂತವನು. ಅವನನ್ನು ಹೇಗೆ ಸಮಾಧಾನ ಮಾಡುವುದು, ನರ್ಸಿಗೆ ಏನು ಹೇಳುವುದು, ಆರೈಕೆ ಕೇಂದ್ರಕ್ಕೆ ಯಾವ ಬಟ್ಟೆ ಕಟ್ಟುವುದು ಎನ್ನುವವರೆಗೂ ಯೋಚನೆ ಹೋಗಿತ್ತು.

ವರ್ಡೆಲ್ ಅಡುಗೆಮನೆಯಲ್ಲಿ ಕುರ್ಚಿ ಎಳೆದುಕೊಂಡು ಫೋನಿನ ಕೆಳಗೆ ಕೂತಿದ್ದ. ರಿಸೀವರ್ ಕಿವಿಗಿತ್ತು. ಮುಖ ನೆಮ್ಮದಿಯಾಗಿತ್ತು. ಆರ್ಲಿಸ್ ಬಗ್ಗಿ ಕಿವಿಯಿಟ್ಟಳು. ಆ ಕಡೆ ಒಬ್ಬಳು ಹೆಂಗಸು ಮಾತಾಡುತ್ತಿದ್ದಳು, ಚೆನ್ನಾಗಿ ಓದಿದವಳ ದನಿ. "ಕ್ಷಮಿಸಿ. ನಿಮ್ಮ ಕರೆಯನ್ನು ಪೂರೈಸಲು ಸಾಧ್ಯವಾಗುತ್ತಿಲ್ಲ. ಈ ಕರೆಗೆ ಮೊದಲು ಏರಿಯಾ ಕೋಡ್ ಒತ್ತುವುದು ಅಗತ್ಯ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ." ಮುಗಿಯಿತು, ಮತ್ತೆ ಮೊದಲಿಂದ ಶುರುವಾಯಿತು. ಎರಡನೆಯ ಸಲ ಮುಗಿದಾಗ ವರ್ಡೆಲ್ ರಿಸೀವರ್ ನೇತುಹಾಕುವ ಕೊಕ್ಕೆಯನ್ನು ಒತ್ತಿ ಬಿಟ್ಟು ಅದೇ ಏಳು ಅಂಕಿ ಒತ್ತಿದ. ಆ ಹೆಂಗಸಿನ ದನಿ ಮತ್ತೆ ಬಂತು.

"ವರ್ಡೆಲ್," ಅಂದಳು ಆರ್ಲಿಸ್. "ನಾನು ಬಂದಿದೀನಿ."

ಅವನು ಅವಳ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟ. ಕೇಳಿಸಿಕೊಳ್ಳುತ್ತಿದ್ದ. ಕೊನೆಗೆ "ಆಯ್ತು" ಎಂದು ಫೋನಿಟ್ಟು, ಫ್ರಿಜ್ಜು ತೆಗೆದು, ಎರಡನೇ ಖಾನೆಯಿಂದ ಬಟ್ಟಲು ತೆಗೆದುಕೊಂಡು ಊಟಕ್ಕೆ ಕೂತ. ಎಲ್ಲಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆರ್ಲಿಸ್ ಕೋಟು ತೆಗೆಯದೆ ಬಾಗಿಲಲ್ಲೇ ನಿಂತು ಅವನು ತಿನ್ನುವುದನ್ನು ನೋಡಿದಳು. ಆಮೇಲೆ ಕೆಲಸಕ್ಕೆ ವಾಪಸು ಹೋದಳು.

ಮರುದಿನ ಸೈರನ್ನು ನಿಂತ ಮೇಲೆ ಅವಳೇ ಆಫೀಸಿನಿಂದ ಮನೆಯ ನಂಬರು ಒತ್ತಿದಳು, ಹತ್ತೂ ಅಂಕಿ. ಎಂಗೇಜ್ ಟೋನ್ ಬಂತು. ಅಂದರೆ ಅವನು ಫೋನಿನಲ್ಲಿದ್ದಾನೆ, ಅಂದರೆ ಎದ್ದಿದ್ದಾನೆ, ಕೈಕಾಲು ಆಡುತ್ತಿವೆ. ನರ್ಸಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಯೋಚಿಸಿ, "ಸುದ್ದಿ ಸಿಕ್ಕಂಗೇ ಆಯ್ತಲ್ಲ. ಸಾಕು ಬಿಡು," ಅಂದಳು.

ಅಂದಿನಿಂದ ಅದೇ ಕ್ರಮವಾಯಿತು. ಆರ್ಲಿಸ್ ನಂಬರು ಒತ್ತುವಳು, ಟೋನ್ ಕೇಳುವಳು, ಇಡುವಳು. ಆಮೇಲೆ ಪ್ಯಾಕಿಂಗ್ ಕೋಣೆಯ ಮೂಲೆಯ ಸ್ಟೂಲಿನಲ್ಲಿ ಕೂತು ಬ್ರೆಡ್ಡು ತಿನ್ನುವಳು. ಪಾದ್ರಿಯ ಹೆಂಡತಿ ಕೂದಲನ್ನು ಮೊದಲಿನ ಬಣ್ಣಕ್ಕೆ ತಂದುಕೊಂಡಳು. ಬೆಲ್ಟು ಎರಡು ಸಲ ಜಾರಿತು. ಮೊಣಕಾಲಿನ ನೋವು ಸೊಂಟಕ್ಕೂ ಬಂತು. ಹೇಳುವಂಥದ್ದು ಬಾಯಿಗೆ ಬಂದಾಗಲೆಲ್ಲ ಬ್ರೆಡ್ಡಿನ ಜತೆ ನುಂಗಿದಳು.

ಒಂದು ದಿನ ಲವಾನ್ ಕಿಟಕಿ ತೆಗೆದು ಕೇಳಿದಳು, "ಭಾನುವಾರ ಸಂಜೆ ಯಾವಾಗ್ಲಾದ್ರೂ ನಾನೇ ನಿಂಗೆ ಫೋನ್ ಮಾಡ್ಲೇನೆ? ಸುಮ್ನೆ, ಮಾತಾಡೋಕೆ."

"ಬೇಡ ಬಿಡು," ಅಂದಳು ಆರ್ಲಿಸ್. "ಫೋನ್ ಬಡ್ಕೊಂಡ್ರೆ ಅವನಿಗೆ ಹೆದರಿಕೆ. ನಿಂಗೂ ಯಾಕೆ ತೊಂದರೆ."

ಲವಾನ್ ಇನ್ನೊಂದು ಸಲ ಕೇಳಬಹುದೆಂದು ಅವಳು ಕೈಗವಸು ಹಾಕಿಕೊಳ್ಳುವುದನ್ನು ತುಸು ನಿಧಾನ ಮಾಡಿದಳು. ಲವಾನ್ ಕೇಳಲಿಲ್ಲ. ಬೇಡ ಅಂದವರನ್ನು ಮತ್ತೆ ಒತ್ತಾಯಿಸುವುದು ಅಲ್ಲಿ ಮರ್ಯಾದೆಯಲ್ಲ. ಕಿಟಕಿ ಮುಚ್ಚಿಕೊಂಡಿತು.

ವರ್ಡೆಲ್ ಮನೆಯಲ್ಲೇ ಉಳಿದ. ಊರಲ್ಲಿ ಯಾರ ನಂಬರೂ ಬದಲಾಗಲಿಲ್ಲ. ಹೋದದ್ದು ದಿನಕ್ಕೆ ಒಂದು ಕರೆ, ವಾರಕ್ಕೆ ಐದು.